2040ರವರೆಗೆ ಬರೆದುಕೊಟ್ಟ ಜೆರ್ಸಿ: ಅಮೆರಿಕದ ಅಥ್ಲೆಟಿಕ್ಸ್ ಒಕ್ಕೂಟ, ಪ್ರಾಯೋಜಕರು ಮತ್ತು ಓಡುವವರ ಮಾತು

ಎಂಟುನೂರು ಮೀಟರ್ (ಚರ್ಚೆ ಆರಂಭಿಸಿದವರು)

2015ರ ಆಗಸ್ಟ್‌ನಲ್ಲಿ ಬೀಜಿಂಗ್‌ನಲ್ಲಿ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ನಡೆದಾಗ, ಆ ವರ್ಷ ಅಮೆರಿಕದ ರಾಷ್ಟ್ರೀಯ ಕೂಟದ 800 ಮೀಟರ್ ಓಟ ಗೆದ್ದಿದ್ದ ನಿಕ್ ಸಿಮಂಡ್ಸ್ ತಂಡದಲ್ಲಿರಲಿಲ್ಲ. ಅವರಿಗೆ ಗಾಯವಾಗಿರಲಿಲ್ಲ, ಉದ್ದೀಪನ ಮದ್ದಿನ ಆರೋಪವೂ ಇರಲಿಲ್ಲ. ಎರಡು ವರ್ಷ ಮೊದಲು ಮಾಸ್ಕೋದಲ್ಲಿ ಇದೇ ದೂರದಲ್ಲಿ ವಿಶ್ವ ಬೆಳ್ಳಿ ಗೆದ್ದ ಓಟಗಾರ ಅವರು. ತಂಡದ ಸದಸ್ಯರೆಲ್ಲ ಸಹಿ ಹಾಕಬೇಕಿದ್ದ ಷರತ್ತುಪತ್ರಕ್ಕೆ ಸಹಿ ಹಾಕದೇ ಹೋದದ್ದೇ ಅವರು ಹೊರಗುಳಿಯಲು ಕಾರಣ.

ತಂಡದ ಅಧಿಕೃತ ಸಂದರ್ಭಗಳಲ್ಲೆಲ್ಲ ತಂಡದ ಉಡುಪನ್ನೇ, ಅಂದರೆ ನೈಕಿ ಉಡುಪನ್ನೇ, ತೊಡಬೇಕೆಂದು ಆ ಪತ್ರ ಹೇಳುತ್ತಿತ್ತು. ಜೊತೆಗೆ ಬಂದ ಸೂಚನೆಯಲ್ಲಿ, ಪೆಟ್ಟಿಗೆಯಲ್ಲಿ ತಂಡದ ಬಟ್ಟೆ, ನೈಕಿ ಬಟ್ಟೆ ಅಥವಾ ಯಾವ ಗುರುತೂ ಇಲ್ಲದ ಬಟ್ಟೆ ಮಾತ್ರ ಇಟ್ಟುಕೊಂಡು ಬನ್ನಿ ಎಂದಿತ್ತು. ಸಿಮಂಡ್ಸ್ ಅವರಿಗೆ ಸಂಬಳ ಕೊಡುತ್ತಿದ್ದುದು ನೈಕಿಯ ಪ್ರತಿಸ್ಪರ್ಧಿಯಾದ ಬ್ರೂಕ್ಸ್ ಶೂ ಕಂಪನಿ. ಓಟದ ಹೊತ್ತು, ಪದಕ ಸ್ವೀಕರಿಸುವ ಹೊತ್ತು ರಾಷ್ಟ್ರೀಯ ಜೆರ್ಸಿ ತೊಡಲು ಅವರದೇನೂ ತಕರಾರಿರಲಿಲ್ಲ. ಹೋಟೆಲಿನ ಊಟದ ಕೋಣೆ, ಬೆಳಗಿನ ನಿಧಾನ ಓಟ, ಕಾಫಿ ಅಂಗಡಿಗೆ ಹೋಗಿಬರುವುದು ಇವೆಲ್ಲವೂ 'ಅಧಿಕೃತ ಸಂದರ್ಭ'ವೇ ಎಂಬ ಅವರ ಪ್ರಶ್ನೆಗೆ ಗಡುವಿನೊಳಗೆ ತೃಪ್ತಿಕರವಾದ ಉತ್ತರ ಸಿಗಲಿಲ್ಲ.

ಇದರ ಹಿಂದೆ ಇನ್ನೊಂದು ಒಪ್ಪಂದವಿದೆ. 2014ರ ಏಪ್ರಿಲ್‌ನಲ್ಲಿ ಅಮೆರಿಕದ ಒಕ್ಕೂಟವು ನೈಕಿ ಜೊತೆಗಿನ ಪ್ರಾಯೋಜಕತ್ವವನ್ನು 2040ರವರೆಗೆ ವಿಸ್ತರಿಸಿತು. ಮೊತ್ತ ಸುಮಾರು 50 ಕೋಟಿ ಡಾಲರ್ ಎಂದು ಆಗ ವರದಿಯಾಗಿತ್ತು. ನನ್ನನ್ನು ಕಾಡುವುದು ಮೊತ್ತಕ್ಕಿಂತ ಹೆಚ್ಚಾಗಿ ಅವಧಿ. 2040ರಲ್ಲಿ ಇಪ್ಪತ್ನಾಲ್ಕರ ಹರೆಯದಲ್ಲಿ ಆ ಜೆರ್ಸಿ ತೊಟ್ಟು ಓಡಲಿರುವ ಹುಡುಗಿ, ಸಹಿ ಬಿದ್ದ ದಿನ ಹುಟ್ಟಿಯೇ ಇರಲಿಲ್ಲ. ಸಹಿ ಹಾಕಿದವರಲ್ಲಿ ಬಹುತೇಕರು ಆಗ ಪದವಿಯಲ್ಲಿ ಇರುವುದೂ ಇಲ್ಲ. ಇಷ್ಟು ದೀರ್ಘಕಾಲಕ್ಕೆ ಒಂದು ಕ್ರೀಡೆಯನ್ನು ಒಂದೇ ಕಂಪನಿಗೆ ಕಟ್ಟಿಹಾಕುವ ಅಧಿಕಾರ ಒಂದು ಆಡಳಿತ ಮಂಡಳಿಗೆ ಇರಬೇಕೇ? ಪ್ರಾಯೋಜಕರು ಬೇಡವೆನ್ನುವವನು ನಾನಲ್ಲ. ಸಹಿ ಹಾಕುವ ಕೈಗೂ ಓಡುವ ಕಾಲಿಗೂ ನಡುವೆ ಮಾತುಕತೆ ಇರಬೇಕೆಂಬುದಷ್ಟೇ ನನ್ನ ವಾದ.

ಆರೆಗಾನ್ ಕನ್ನಡಿಗ

ನೈಕಿ ಕಂಪನಿಯ ಕೇಂದ್ರ ಕಚೇರಿ ಇರುವ ರಾಜ್ಯದಲ್ಲಿಯೇ ಹನ್ನೆರಡು ವರ್ಷಗಳಿಂದ ವಾಸವಾಗಿದ್ದೇನೆ. ಆ ಕಂಪನಿಯಲ್ಲಿ ನಾನು ಕೆಲಸ ಮಾಡಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿನ ಪರಿಸ್ಥಿತಿಯನ್ನು ಹತ್ತಿರದಿಂದ ನೋಡಿದವನಾಗಿ ನಿಮ್ಮ ಮಾತಿಗೆ ಪ್ರತಿಯಾಗಿ ಕೆಲವು ಸಂಗತಿಗಳನ್ನು ಇಡಬೇಕೆನಿಸುತ್ತದೆ.

ಅಮೆರಿಕದಲ್ಲಿ ಅಥ್ಲೆಟಿಕ್ಸ್ ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಜನರ ಕಣ್ಣಿಗೆ ಬೀಳುವ ಕ್ರೀಡೆ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ಗಳಿಗೆ ಟಿವಿ ಹಕ್ಕುಗಳಿಂದ ಹರಿದುಬರುವ ಹಣದ ಸಣ್ಣ ಪಾಲೂ ಇದಕ್ಕೆ ಬರುವುದಿಲ್ಲ, ಸರ್ಕಾರದ ಅನುದಾನವಂತೂ ಇಲ್ಲವೇ ಇಲ್ಲವೆನ್ನಬಹುದು. ಇಂಥ ಒಕ್ಕೂಟಕ್ಕೆ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ನಂತೆ ಎರಡು ದಶಕಗಳ ಕಾಲ ಖಚಿತವಾದ ಆದಾಯ ಬರುತ್ತದೆಂದರೆ, ಐದಾರು ಒಲಿಂಪಿಕ್ಸ್‌ಗಳಷ್ಟು ದೂರದ ಯೋಜನೆ ಹಾಕಬಹುದು. ಮಳೆಯನ್ನೇ ನಂಬಿದ ರೈತನಿಗೆ ಕಾಲುವೆ ಬಂದಂತೆ ಅದು. ನಮ್ಮ ಆರೆಗಾನ್ ರಾಜ್ಯದ ಯುಜೀನ್ ನಗರದ ಹೇವರ್ಡ್ ಫೀಲ್ಡ್ ಕ್ರೀಡಾಂಗಣ ಇಂದು ಹೀಗಿರುವುದು ನೈಕಿ ಸ್ಥಾಪಕ ಫಿಲ್ ನೈಟ್ ಮತ್ತು ಅವರ ಪತ್ನಿಯ ದೇಣಿಗೆಯಿಂದ. ಫಿಲ್ ನೈಟ್ ಅದೇ ಟ್ರ್ಯಾಕ್‌ನಲ್ಲಿ ತರಬೇತುದಾರ ಬಿಲ್ ಬೋವರ್‌ಮನ್ ಕೈಕೆಳಗೆ ಓಡಿದವರು. ಇದನ್ನು ಬರೀ ವ್ಯಾಪಾರವೆಂದು ಕರೆದರೆ ನ್ಯಾಯವಾಗುವುದಿಲ್ಲ.

ಇನ್ನು ಸಿಮಂಡ್ಸ್ ಅವರ ವಿಷಯ. ವರ್ಷದ ಉಳಿದೆಲ್ಲ ಓಟಗಳಲ್ಲಿ ಬ್ರೂಕ್ಸ್ ಜೆರ್ಸಿ ತೊಡಲು ಅವರಿಗೆ ಯಾರ ಅಡ್ಡಿಯೂ ಇರಲಿಲ್ಲ. ದೇಶದ ತಂಡ ಸೇರಿದಾಗ ದೇಶದ ಒಕ್ಕೂಟದ ಒಪ್ಪಂದಕ್ಕೆ ಬದ್ಧರಾಗಬೇಕೆನ್ನುವುದು ಎಲ್ಲ ಕ್ರೀಡೆಗಳಲ್ಲೂ ಇರುವ ನಿಯಮ. ಉಳಿದವರೆಲ್ಲ ಸಹಿ ಹಾಕಿ ಬೀಜಿಂಗ್‌ಗೆ ಹೋದರು.

ಲೆಕ್ಕಪರಿಶೋಧಕಿ

ಇಬ್ಬರೂ ಹಣದ ಬಗ್ಗೆ ಮಾತನಾಡಿದ್ದೀರಿ. ನಾನು ಮಂಡಳಿಯ ಬಗ್ಗೆ ಮಾತನಾಡುತ್ತೇನೆ. ನನ್ನ ವೃತ್ತಿಯಲ್ಲಿ ಒಂದು ಸಂಸ್ಥೆಯ ಆರೋಗ್ಯವನ್ನು ಅಳೆಯುವಾಗ ಆದಾಯದ ಸಾಲಿಗಿಂತ ಮೊದಲು ಸಭೆಯ ನಡಾವಳಿ ಪುಸ್ತಕವನ್ನು ತೆರೆದು ನೋಡುತ್ತೇವೆ.

ನೈಕಿ ಒಪ್ಪಂದ ಪ್ರಕಟವಾದ ವರ್ಷವೇ, 2014ರ ಡಿಸೆಂಬರ್‌ನಲ್ಲಿ, ಅದೇ ಒಕ್ಕೂಟದ ವಾರ್ಷಿಕ ಸಭೆ ನಡೆಯಿತು. ಅಂತರರಾಷ್ಟ್ರೀಯ ಒಕ್ಕೂಟದ ಕೌನ್ಸಿಲ್‌ಗೆ ಅಮೆರಿಕದ ಅಭ್ಯರ್ಥಿ ಯಾರಾಗಬೇಕೆಂಬ ಮತದಾನದಲ್ಲಿ ಸದಸ್ಯರು 392–70ರ ಅಂತರದಲ್ಲಿ ಬಾಬ್ ಹರ್ಷ್ ಅವರನ್ನು ಬೆಂಬಲಿಸಿದರು. ಆಡಳಿತ ಮಂಡಳಿ ಆ ತೀರ್ಪನ್ನು ಬದಿಗಿಟ್ಟು ತನ್ನ ಅಧ್ಯಕ್ಷೆ ಸ್ಟೆಫನಿ ಹೈಟವರ್ ಅವರನ್ನು ಕಳಿಸಿತು. ಮಂಡಳಿಗೆ ಆ ಅಧಿಕಾರ ನಿಯಮಾವಳಿಯಲ್ಲೇ ಇತ್ತು, ಮುಂದಿನ ವರ್ಷ ಹೈಟವರ್ ಕೌನ್ಸಿಲ್‌ಗೆ ಆಯ್ಕೆಯೂ ಆದರು. ಆಯ್ಕೆ ಸರಿಯೋ ತಪ್ಪೋ ಎಂಬುದನ್ನು ನಾನು ಚರ್ಚಿಸುತ್ತಿಲ್ಲ. ಸದಸ್ಯರಲ್ಲಿ ಆರರಲ್ಲಿ ಐದಕ್ಕಿಂತ ಹೆಚ್ಚು ಜನ ಒಂದು ಮಾತು ಹೇಳಿದಾಗ ಅದನ್ನು ಮೀರಿ ನಡೆಯಬಲ್ಲ ಮಂಡಳಿಯ ಕೈಯಲ್ಲೇ 2040ರವರೆಗಿನ ಒಪ್ಪಂದವೂ ಇತ್ತು ಎಂಬುದನ್ನು ಮಾತ್ರ ಜೋಡಿಸಿ ನೋಡಿ ಎನ್ನುತ್ತೇನೆ.

ಒಕ್ಕೂಟಗಳು ಪ್ರಾಯೋಜಕರ ಕಡೆಗೆ ವಾಲುವುದಕ್ಕೆ ಯಾರಾದರೂ ಲಂಚ ಪಡೆದಿರಲೇಬೇಕೆಂದೇನೂ ಇಲ್ಲ. ಆದಾಯದ ಬಹುಭಾಗ ಒಂದೇ ಮೂಲದಿಂದ ಬರುವಾಗ, ಆ ಮೂಲಕ್ಕೆ ಬೇಸರವಾಗುವ ಯಾವ ನಿರ್ಧಾರವೂ ಸಭೆಯ ಕಾರ್ಯಸೂಚಿಗೆ ಬರುವುದೇ ಇಲ್ಲ. ಚರ್ಚೆಗೇ ಬಾರದ ವಿಷಯವನ್ನು ಯಾವ ಲೆಕ್ಕಪರಿಶೋಧನೆಯೂ ಹಿಡಿಯಲಾರದು. ಆದ್ದರಿಂದಲೇ ಮಂಡಳಿಯೊಳಗೆ ಓಡುವವರೇ ಕುಳಿತಿರಬೇಕು. ಅಮೆರಿಕದ 1978ರ ಕಾನೂನಿನ ಚೌಕಟ್ಟಿನಲ್ಲಿ ಒಕ್ಕೂಟಗಳ ಮಂಡಳಿಯಲ್ಲಿ ಕ್ರೀಡಾಪಟುಗಳ ಪಾಲು ಕನಿಷ್ಠ ಶೇ 20 ಇತ್ತು. 2020ರ ತಿದ್ದುಪಡಿ ಅದನ್ನು ಮೂರನೇ ಒಂದಕ್ಕೆ ಏರಿಸಿತು. ಆ ತಿದ್ದುಪಡಿಗೆ ದಾರಿಯಾದದ್ದು ಪ್ರಾಯೋಜಕತ್ವದ ಜಗಳವಲ್ಲ, ಜಿಮ್ನಾಸ್ಟಿಕ್ಸ್‌ನ ಲೈಂಗಿಕ ದೌರ್ಜನ್ಯ ಪ್ರಕರಣ. ಅಷ್ಟು ದೊಡ್ಡ ಆಘಾತವಾಗುವವರೆಗೆ ಕಾಯಬೇಕಾಯಿತೆಂಬುದು ದುಃಖದ ಸಂಗತಿ.

ಆರೆಗಾನ್ ಕನ್ನಡಿಗ ಅವರೇ, ಅಮೆರಿಕದ ವ್ಯವಸ್ಥೆಯ ಒಂದು ಅಂಶವನ್ನು ನಾನು ಮೆಚ್ಚುತ್ತೇನೆ. ಲಾಭರಹಿತ ಸಂಸ್ಥೆಯಾದ್ದರಿಂದ ಆ ಒಕ್ಕೂಟ ಪ್ರತಿವರ್ಷ ಫಾರ್ಮ್ 990 ಎಂಬ ತೆರಿಗೆ ವಿವರಣೆ ಸಲ್ಲಿಸಬೇಕು, ಅದನ್ನು ಯಾರು ಬೇಕಾದರೂ ನೋಡಬಹುದು. ಮುಖ್ಯ ಕಾರ್ಯನಿರ್ವಾಹಕ ಮ್ಯಾಕ್ಸ್ ಸೀಗಲ್ ಅವರ ಸಂಬಳ ಕೆಲವು ವರ್ಷಗಳಲ್ಲಿ 10 ಲಕ್ಷ ಡಾಲರ್ ದಾಟಿದ್ದು ಓಟಗಾರರಿಗೆ ತಿಳಿದದ್ದು ಅಲ್ಲಿಂದಲೇ. ಕೋಪ ಬಂದರೂ ಅಂಕಿ ಕೈಯಲ್ಲಿತ್ತು.

ಪಿ.ಟಿ. ಮೇಷ್ಟ್ರು, ಶಿವಮೊಗ್ಗ

ಪ್ರಾಯೋಜಕರ ಪ್ರಭಾವ ಸಭೆಯ ಕೊಠಡಿಯಲ್ಲಿ ಮಾತ್ರ ಇರುವುದಿಲ್ಲ, ಟ್ರ್ಯಾಕ್ ಪಕ್ಕದ ತೀರ್ಪುಗಾರರ ಮೇಜಿನವರೆಗೂ ಬಂದು ನಿಲ್ಲಬಹುದು. ನಾನು ಮರೆಯಲಾಗದ ಪ್ರಸಂಗವೊಂದಿದೆ.

2014ರ ಫೆಬ್ರುವರಿಯಲ್ಲಿ ಆಲ್ಬುಕರ್ಕಿಯಲ್ಲಿ ಅಮೆರಿಕದ ಒಳಾಂಗಣ ರಾಷ್ಟ್ರೀಯ ಕೂಟ. ಮಹಿಳೆಯರ 3000 ಮೀಟರ್ ಓಟವನ್ನು ಗೇಬ್ ಗ್ರುನೆವಾಲ್ಡ್ ಗೆದ್ದರು. ಅವರು ಬ್ರೂಕ್ಸ್ ತಂಡದವರು, ಕ್ಯಾನ್ಸರ್‌ನೊಂದಿಗೆ ಹೋರಾಡುತ್ತಲೇ ಓಡುತ್ತಿದ್ದವರು. ಕೊನೆಯ ಸುತ್ತಿನಲ್ಲಿ, ನೈಕಿ ನಡೆಸುತ್ತಿದ್ದ ತರಬೇತಿ ತಂಡವಾದ ಆರೆಗಾನ್ ಪ್ರಾಜೆಕ್ಟ್‌ನ ಜೋರ್ಡನ್ ಹಸೆ ಅವರಿಗೆ ಗ್ರುನೆವಾಲ್ಡ್ ಅವರ ಕಾಲು ತಗುಲಿತೆಂದು ಹಸೆ ಅವರ ತರಬೇತುದಾರ ಆಲ್ಬರ್ಟೊ ಸಲಾಜಾರ್ ದೂರು ಕೊಟ್ಟರು. ದೂರು ತಿರಸ್ಕೃತವಾಯಿತು, ಮೇಲ್ಮನವಿಯೂ ತಿರಸ್ಕೃತವಾಯಿತು. ಆಮೇಲೆ ಮತ್ತೊಮ್ಮೆ ವಿಡಿಯೊ ನೋಡಿದ ಮೇಲೆ ತೀರ್ಪು ಬದಲಾಗಿ ಗ್ರುನೆವಾಲ್ಡ್ ಅನರ್ಹರಾದರು. ಒಮ್ಮೆ ಮುಗಿದ ಮೇಲ್ಮನವಿ ಮತ್ತೆ ಹೇಗೆ ತೆರೆಯಿತು ಎಂಬ ಪ್ರಶ್ನೆ ಮೈದಾನದ ತುಂಬ ಎದ್ದಿತು. ಮರುದಿನ 1500 ಮೀಟರ್ ಓಟ ಮುಗಿಸಿದ ಕೆಲವು ಓಟಗಾರ್ತಿಯರು ಕೈ ಕೈ ಹಿಡಿದುಕೊಂಡು ಟ್ರ್ಯಾಕ್‌ನಿಂದ ಹೊರನಡೆದು ಪ್ರತಿಭಟಿಸಿದರು. ಬಳಿಕ ಹಸೆ ಅವರೇ ದೂರನ್ನು ಹಿಂತೆಗೆದುಕೊಂಡರು, ಗ್ರುನೆವಾಲ್ಡ್ ಅವರಿಗೆ ಪ್ರಶಸ್ತಿ ಮರಳಿತು. ಇದಾಗಿ ಎರಡೇ ತಿಂಗಳಿಗೆ ಒಕ್ಕೂಟ 2040ರ ಒಪ್ಪಂದವನ್ನು ಪ್ರಕಟಿಸಿತು. ಒಂದಕ್ಕೊಂದು ಸಂಬಂಧವಿದೆಯೆಂದು ನಾನು ಹೇಳುವುದಿಲ್ಲ. ಆದರೆ ಅನುಮಾನ ಹುಟ್ಟಲು ಇಷ್ಟು ಸಾಕು, ಅನುಮಾನ ಹುಟ್ಟದಂತೆ ನಡೆದುಕೊಳ್ಳುವುದೂ ಆಡಳಿತದ ಕರ್ತವ್ಯವೇ.

ಸಲಾಜಾರ್ ಅವರಿಗೆ ಉದ್ದೀಪನ ನಿಯಮಗಳ ಉಲ್ಲಂಘನೆಗಾಗಿ 2019ರ ಸೆಪ್ಟೆಂಬರ್ ಕೊನೆಯಲ್ಲಿ ನಾಲ್ಕು ವರ್ಷಗಳ ನಿಷೇಧ ಬಿತ್ತು, ಅಕ್ಟೋಬರ್‌ನಲ್ಲಿ ನೈಕಿ ಆ ಪ್ರಾಜೆಕ್ಟನ್ನು ಮುಚ್ಚಿತು. ಗ್ರುನೆವಾಲ್ಡ್ ಅದಕ್ಕೆ ಕೆಲವೇ ತಿಂಗಳು ಮೊದಲು, ಜೂನ್‌ನಲ್ಲಿ ತೀರಿಕೊಂಡಿದ್ದರು.

ಹರ್ಡಲ್ಸ್ ಓಡಿದವಳು

ಮೇಷ್ಟ್ರ ಬರಹ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಾನು ಹೇಳಬೇಕೆಂದಿರುವುದು ಹೆಣ್ಣುಮಕ್ಕಳ ಒಪ್ಪಂದಗಳ ಬಗ್ಗೆ.

ಅಥ್ಲೆಟಿಕ್ಸ್‌ನಲ್ಲಿ ಹೆಚ್ಚಿನವರಿಗೆ ಸಂಬಳವೆಂದರೆ ಶೂ ಕಂಪನಿ ಕೊಡುವ ಹಣವೇ. ಓಡದಿದ್ದರೆ, ಅಥವಾ ರ‍್ಯಾಂಕಿಂಗ್ ಇಳಿದರೆ, ಆ ಹಣವನ್ನು ಕಡಿತಗೊಳಿಸುವ ಷರತ್ತು ಅಂಥ ಒಪ್ಪಂದಗಳಲ್ಲಿ ಸಾಮಾನ್ಯ. ಗರ್ಭಿಣಿಗೂ ಅದೇ ಷರತ್ತು. 2014ರಲ್ಲಿ ಅಲೀಷಿಯಾ ಮೊಂಟಾನ್ಯೊ ಎಂಟು ತಿಂಗಳ ಗರ್ಭಿಣಿಯಾಗಿ ರಾಷ್ಟ್ರೀಯ ಕೂಟದಲ್ಲಿ 800 ಮೀಟರ್ ಓಡಿದ್ದನ್ನು ಪತ್ರಿಕೆಗಳು ಸಾಹಸವೆಂದು ಹೊಗಳಿದವು. 2019ರ ಮೇ ತಿಂಗಳಲ್ಲಿ ಅವರೂ ಇನ್ನೊಬ್ಬ ಓಟಗಾರ್ತಿ ಕಾರಾ ಗೌಚರ್ ಅವರೂ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಾಯಿ ಬಿಟ್ಟಾಗ, ಆ ಹೊಗಳಿಕೆಯ ಹಿಂದಿನ ಸಂಕಟ ಹೊರಬಂತು. ಮುಂದಿನ ಓಟದವರೆಗೆ ಹಣ ಬರುವುದಿಲ್ಲವೆಂಬ ಸ್ಥಿತಿಯನ್ನು ಗೌಚರ್ ಅನುಭವಿಸಿದ್ದರು. ಕೆಲವೇ ದಿನಗಳಲ್ಲಿ ಅಲಿಸನ್ ಫೆಲಿಕ್ಸ್ ಬರೆದರು: ನವೀಕರಣದ ಮಾತುಕತೆಯಲ್ಲಿ ನೈಕಿ ತಮಗೆ ಮೊದಲಿಗಿಂತ ಶೇ 70ರಷ್ಟು ಕಡಿಮೆ ಕೊಡಲು ಮುಂದಾಗಿತ್ತು, ಹೆರಿಗೆಯ ಮುಂಚಿನ ಮತ್ತು ನಂತರದ ತಿಂಗಳುಗಳಲ್ಲಿ ಸಾಧನೆ ಇಳಿದರೆ ದಂಡ ಹಾಕಬಾರದೆಂಬ ಮಾತನ್ನು ಬರಹದಲ್ಲಿ ಕೊಡಲು ಒಪ್ಪಲಿಲ್ಲ. ಒಲಿಂಪಿಕ್ಸ್‌ನಲ್ಲಿ ಆರು ಚಿನ್ನ ಗೆದ್ದಿದ್ದವರಿಗೇ ಈ ಗತಿಯಾದರೆ, ಎಂಟನೆಯ ಸ್ಥಾನದ ಹುಡುಗಿಯ ಪಾಡೇನು? ಆಗಸ್ಟ್‌ನಲ್ಲಿ ಕಂಪನಿ ನೀತಿ ಬದಲಿಸಿ, ಗರ್ಭಿಣಿಯರಿಗೆ 18 ತಿಂಗಳ ಕಾಲ ಹಣ ಕಡಿತ ಮಾಡುವುದಿಲ್ಲವೆಂದು ಪ್ರಕಟಿಸಿತು.

ಇದು ಕಂಪನಿ ಮತ್ತು ವ್ಯಕ್ತಿಯ ನಡುವಿನ ಖಾಸಗಿ ಒಪ್ಪಂದ, ಇದರಲ್ಲಿ ಒಕ್ಕೂಟದ ತಪ್ಪೇನು ಎಂದು ಯಾರಾದರೂ ಕೇಳಬಹುದು. ಓಟಗಾರ್ತಿಯರ ಆರೋಗ್ಯ ವಿಮೆಯೂ ಸಾಧನೆಯ ಶ್ರೇಣಿಗೇ ಅಂಟಿಕೊಂಡಿತ್ತು, ಗರ್ಭಿಣಿಯಾಗಿ ಶ್ರೇಣಿಯಿಂದ ಜಾರಿದವರು ವಿಮೆಯನ್ನೂ ಕಳೆದುಕೊಳ್ಳಬಹುದಿತ್ತು. ಕಂಪನಿಯೊಂದಿಗೆ ಸರಿಸಮನಾಗಿ ಕುಳಿತು ಮಾತನಾಡುವ ಶಕ್ತಿ ಇದ್ದ ಏಕೈಕ ಸಂಸ್ಥೆ ಒಕ್ಕೂಟ. ಹತ್ತಾರು ಕೋಟಿ ಡಾಲರಿನ ಒಪ್ಪಂದ ಮಾಡುವಾಗ, ನಮ್ಮ ಹೆಣ್ಣುಮಕ್ಕಳ ಖಾಸಗಿ ಒಪ್ಪಂದಗಳಲ್ಲಿ ಹೆರಿಗೆಗೆ ರಕ್ಷಣೆ ಇರಲಿ ಎಂದು ಒಂದು ಸಾಲನ್ನು ಅದು ಕೇಳಬಹುದಿತ್ತು.

ಆರೆಗಾನ್ ಕನ್ನಡಿಗ

ಹರ್ಡಲ್ಸ್ ಮೇಡಂ, ನಿಮ್ಮ ಕೊನೆಯ ಸಾಲಿಗೆ ನನ್ನಲ್ಲಿ ಉತ್ತರವಿಲ್ಲ. ಆ ಭಾಗವನ್ನು ಒಪ್ಪುತ್ತೇನೆ.

ಆದರೂ ಪ್ರತಿಭಟನೆಯಿಂದ ಏನೂ ಆಗಲಿಲ್ಲ ಎಂಬ ಭಾವನೆ ಬರಬಾರದೆಂದು ಎರಡು ವಿಷಯ ಸೇರಿಸುತ್ತೇನೆ. ಸಿಮಂಡ್ಸ್ ಮನೆಯಲ್ಲುಳಿದ ಮರುತಿಂಗಳೇ ಒಕ್ಕೂಟ ಹೊಸ ಆದಾಯ ಹಂಚಿಕೆಯನ್ನು ಪ್ರಕಟಿಸಿತು. ಒಲಿಂಪಿಕ್ಸ್ ಅಥವಾ ವಿಶ್ವ ಚಾಂಪಿಯನ್‌ಷಿಪ್ ತಂಡಕ್ಕೆ ಆಯ್ಕೆಯಾದವರಿಗೆ 10,000 ಡಾಲರ್, ಚಿನ್ನ ಗೆದ್ದರೆ ಮತ್ತೆ 25,000 ಡಾಲರ್. ಒಟ್ಟು ಆದಾಯದಲ್ಲಿ ಓಟಗಾರರಿಗೆ ಸಿಗುವ ಪಾಲೆಷ್ಟು ಎಂಬುದರ ಬಗ್ಗೆ ಎರಡೂ ಕಡೆಯವರು ಬೇರೆ ಬೇರೆ ಲೆಕ್ಕ ಹೇಳುತ್ತಿದ್ದರು, ತರಬೇತಿ ಕೇಂದ್ರದ ಖರ್ಚನ್ನೂ ಟಿವಿ ಪ್ರಸಾರದ ಖರ್ಚನ್ನೂ ಓಟಗಾರರ ಪಾಲಿಗೆ ಸೇರಿಸಬೇಕೇ ಎಂಬುದೇ ಜಗಳದ ಮೂಲ.

ಎರಡನೆಯದು ನ್ಯಾಯಾಲಯದ್ದು. 2016ರಲ್ಲಿ ಸಿಮಂಡ್ಸ್ ಅವರ, ಚೂಯಿಂಗ್ ಗಮ್ ಮಾರುವ ರನ್ ಗಮ್ ಕಂಪನಿ, ಒಲಿಂಪಿಕ್ಸ್ ಆಯ್ಕೆ ಕೂಟದಲ್ಲಿ ಓಟಗಾರರ ಜೆರ್ಸಿ ಮೇಲೆ ಕ್ರೀಡಾ ಉಡುಪಿನ ಕಂಪನಿಗಳ ಗುರುತಿಗೆ ಅವಕಾಶವಿದ್ದು ಉಳಿದವರಿಗೆ ಇಲ್ಲದಿರುವುದು ಸ್ಪರ್ಧಾ ಕಾನೂನಿನ ಉಲ್ಲಂಘನೆಯೆಂದು ದಾವೆ ಹೂಡಿತು. ಕೆಳ ನ್ಯಾಯಾಲಯ ಅದನ್ನು ವಜಾ ಮಾಡಿತು, 2018ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಎತ್ತಿಹಿಡಿಯಿತು. ತಂಡಕ್ಕೆ ಹಣ ಹೊಂದಿಸುವ ಹೊಣೆಯನ್ನು ಸಂಸತ್ತೇ ಒಲಿಂಪಿಕ್ ಸಮಿತಿಗೆ ಕೊಟ್ಟಿರುವುದರಿಂದ, ಪ್ರಾಯೋಜಕತ್ವದ ಮೇಲಿನ ಇಂಥ ಹಿಡಿತಕ್ಕೆ ಆ ಕಾನೂನಿನಿಂದ ವಿನಾಯಿತಿ ಇದೆಯೆಂಬುದು ತೀರ್ಪಿನ ಸಾರ. ಅಂದರೆ ನ್ಯಾಯಾಲಯದ ದಾರಿ ಮುಚ್ಚಿದೆ. ಉಳಿದದ್ದು ಲೆಕ್ಕಪರಿಶೋಧಕಿಯವರು ಹೇಳಿದ ಮಂಡಳಿಯ ಕುರ್ಚಿಯೇ.

ಎಂಟುನೂರು ಮೀಟರ್

ನಿಮ್ಮ ಒಪ್ಪಿಗೆಗೆ ಕೃತಜ್ಞ. ಜಾಗತಿಕ ಒಕ್ಕೂಟದ ಕಥೆಯನ್ನೂ ಇಲ್ಲಿ ಸೇರಿಸಬೇಕು, ಏಕೆಂದರೆ ಅಲ್ಲಿ ಇನ್ನೊಂದು ಮುಖ ಕಾಣುತ್ತದೆ.

2015ರ ಏಪ್ರಿಲ್‌ನಲ್ಲಿ, ಲಮೀನ್ ಡಿಯಾಕ್ ಅಧ್ಯಕ್ಷರಾಗಿದ್ದಾಗ, 2021ರ ವಿಶ್ವ ಚಾಂಪಿಯನ್‌ಷಿಪ್ ಅನ್ನು ಎಂದಿನ ಬಿಡ್ ಪ್ರಕ್ರಿಯೆ ಇಲ್ಲದೆ ಯುಜೀನ್‌ಗೆ ಕೊಡಲಾಯಿತು. ಆಸಕ್ತಿ ತೋರಿದ್ದ ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಸ್ಪರ್ಧಿಸುವ ಅವಕಾಶವೇ ಸಿಗಲಿಲ್ಲ. ಆಗಸ್ಟ್‌ನಲ್ಲಿ ಅಧ್ಯಕ್ಷರಾದ ಸೆಬಾಸ್ಟಿಯನ್ ಕೋ ಅವರಿಗೆ ನೈಕಿ ಜೊತೆ 1978ರಿಂದಲೂ ನಂಟಿತ್ತು. ಅಧ್ಯಕ್ಷರಾದ ಮೇಲೂ ಆ ಸಂಬಳದ ರಾಯಭಾರಿತನ ಮುಂದುವರಿಯಬಹುದೇ ಎಂಬ ಟೀಕೆ ಹೆಚ್ಚಾದ ಮೇಲೆ ನವೆಂಬರ್‌ನಲ್ಲಿ ಅದನ್ನು ಬಿಟ್ಟರು. ಆರಿಸಿ ಬಂದ ದಿನವೇ ಬಿಡಬೇಕಿತ್ತೆಂದು ನನಗನಿಸುತ್ತದೆ. ಡಿಯಾಕ್ ಅವರಿಗೆ, ರಷ್ಯಾದ ಓಟಗಾರರ ಉದ್ದೀಪನ ಪ್ರಕರಣಗಳನ್ನು ಹಣ ಪಡೆದು ಮುಚ್ಚಿಟ್ಟದ್ದಕ್ಕಾಗಿ, 2020ರಲ್ಲಿ ಪ್ಯಾರಿಸ್ ನ್ಯಾಯಾಲಯ ಶಿಕ್ಷೆ ವಿಧಿಸಿತು. ಒಕ್ಕೂಟದ ಮಾರುಕಟ್ಟೆ ಸಲಹೆಗಾರನಾಗಿದ್ದ ಅವರ ಮಗನಿಗೂ ಶಿಕ್ಷೆಯಾಯಿತು. ಪ್ರಾಯೋಜಕರನ್ನು ತರುವವನೂ ತಂದೆಯ ಅಧಿಕಾರದ ನೆರಳಲ್ಲಿರುವವನೂ ಒಬ್ಬನೇ ಆದಾಗ ಕಾವಲು ಕಾಯುವವರು ಉಳಿಯುವುದಿಲ್ಲ.

ಆ ಹಗರಣ ಹೊರಬಂದಾಗ ಪ್ರಾಯೋಜಕರೇ ಪಾಠ ಕಲಿಸಿದರು ಎಂಬುದನ್ನೂ ಹೇಳಬೇಕು. 2016ರ ಫೆಬ್ರುವರಿಯಲ್ಲಿ ನೆಸ್ಲೆ ಮಕ್ಕಳ ಅಥ್ಲೆಟಿಕ್ಸ್ ಕಾರ್ಯಕ್ರಮದಿಂದ ಹಿಂದೆ ಸರಿಯಿತು, ಅಡಿಡಾಸ್ ಒಪ್ಪಂದವೂ ಅವಧಿಗೆ ಮೊದಲೇ ಮುಗಿಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ಸದಸ್ಯ ದೇಶಗಳು 182–10 ಮತಗಳಿಂದ ಹೊಸ ಸಂವಿಧಾನ ಒಪ್ಪಿದವು, 2017ರಲ್ಲಿ ಉದ್ದೀಪನ ಮತ್ತು ಭ್ರಷ್ಟಾಚಾರದ ದೂರುಗಳನ್ನು ತನಿಖೆ ಮಾಡುವ ಸ್ವತಂತ್ರ ಅಥ್ಲೆಟಿಕ್ಸ್ ಇಂಟೆಗ್ರಿಟಿ ಯುನಿಟ್ ಆರಂಭವಾಯಿತು.

ಒಕ್ಕೂಟವನ್ನು ಬದಿಗಿಟ್ಟು ಓಟಗಾರರೇ ಬಂಡವಾಳ ತಂದರೆ ಆಗದೇ ಎಂದು ಕೇಳುವವರಿಗೆ ಗ್ರ್ಯಾಂಡ್ ಸ್ಲ್ಯಾಮ್ ಟ್ರ್ಯಾಕ್ ಉದಾಹರಣೆ ಇದೆ. ಮಾಜಿ ಓಟಗಾರ ಮೈಕೆಲ್ ಜಾನ್ಸನ್ 2025ರಲ್ಲಿ ಆರಂಭಿಸಿದ ಆ ಸರಣಿಯಲ್ಲಿ ವಿಭಾಗದ ವಿಜೇತರಿಗೆ 1 ಲಕ್ಷ ಡಾಲರ್ ಘೋಷಿಸಲಾಗಿತ್ತು. ಕಿಂಗ್‌ಸ್ಟನ್, ಮಯಾಮಿ, ಫಿಲಡೆಲ್ಫಿಯಾ ಕೂಟಗಳಾದವು, ಲಾಸ್ ಏಂಜಲೀಸ್ ಕೂಟ ರದ್ದಾಯಿತು, ಓಡಿದವರು ಬಹುಮಾನದ ಹಣಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾಯಿತು.

ಪಿ.ಟಿ. ಮೇಷ್ಟ್ರು, ಶಿವಮೊಗ್ಗ

ನಮ್ಮ ಊರಿಗೂ ಈ ಮಾತು ಬಂದು ತಲುಪಿದೆ. 2025ರ ಜುಲೈ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಚೋಪ್ರಾ ಕ್ಲಾಸಿಕ್ ನಡೆದಾಗ ನಾನು ಎಂಟು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ನೀರಜ್ 86.18 ಮೀಟರ್ ಎಸೆದು ಗೆದ್ದರು. ನಮ್ಮ ಮಕ್ಕಳು ಜಾವೆಲಿನ್ ನೋಡಲು ಅಷ್ಟು ಜನ ಸೇರಿದ್ದನ್ನು ಮೊದಲ ಸಲ ಕಂಡರು. ಆ ಸಂಜೆ ನಾನು ಸಂತೋಷಪಟ್ಟಷ್ಟು ಇತ್ತೀಚೆಗೆ ಪಟ್ಟಿಲ್ಲ. ಕೂಟವನ್ನು ಆಯೋಜಿಸಿದವರಲ್ಲಿ ಜೆಎಸ್‌ಡಬ್ಲ್ಯು ಸ್ಪೋರ್ಟ್ಸ್ ಪ್ರಮುಖ, ಆಗ ನೀರಜ್ ಅವರ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದುದೂ ಅದೇ ಸಂಸ್ಥೆ, ಬಳ್ಳಾರಿ ಕಡೆಯ ವಿಜಯನಗರದಲ್ಲಿ ದೊಡ್ಡ ತರಬೇತಿ ಕೇಂದ್ರ ನಡೆಸುತ್ತಿರುವುದೂ ಅದೇ ಉದ್ಯಮ ಸಮೂಹ. ಇದರಲ್ಲಿ ತಪ್ಪಾಗಿದೆ ಎಂದು ನಾನು ಹೇಳುತ್ತಿಲ್ಲ, ಅವರು ಕೊಟ್ಟದ್ದು ಬಹಳ. ಆದರೆ ತರಬೇತಿ, ಆಟಗಾರನ ನಿರ್ವಹಣೆ, ಕೂಟದ ಆಯೋಜನೆ ಒಂದೇ ಸೂರಿನಡಿ ಬರುವಾಗ, ಎದುರಿಗೆ ನಿಂತು ಪ್ರಶ್ನೆ ಕೇಳಬಲ್ಲ ಒಕ್ಕೂಟ ಗಟ್ಟಿಯಾಗಿರಬೇಕು.

ಲೆಕ್ಕಪರಿಶೋಧಕಿ

ಮೇಷ್ಟ್ರೇ, 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಇಲ್ಲಿ ನೆರವಿಗೆ ಬರಬಹುದು. ಒಕ್ಕೂಟದ ಕಾರ್ಯಕಾರಿ ಸಮಿತಿ 15 ಜನರನ್ನು ಮೀರಬಾರದು, ಅದರಲ್ಲಿ ಕನಿಷ್ಠ ನಾಲ್ವರು ಮಹಿಳೆಯರು, ಕನಿಷ್ಠ ಇಬ್ಬರು ಉತ್ಕೃಷ್ಟ ಸಾಧನೆಯ ಕ್ರೀಡಾಪಟುಗಳಿರಬೇಕು, ಪ್ರತ್ಯೇಕ ಕ್ರೀಡಾಪಟುಗಳ ಸಮಿತಿಯೂ ಇರಬೇಕು. ಹದಿನೈದರಲ್ಲಿ ಇಬ್ಬರೆಂದರೆ ಅಮೆರಿಕದ ಮೂರನೇ ಒಂದು ಪಾಲಿಗೆ ಹೋಲಿಸಿದರೆ ಬಹಳ ಕಡಿಮೆ. ಮಾಹಿತಿ ಹಕ್ಕನ್ನು ಸರ್ಕಾರದ ಅನುದಾನ ಪಡೆಯುವ ಸಂಸ್ಥೆಗಳಿಗಷ್ಟೇ ಸೀಮಿತಗೊಳಿಸಿದ್ದು ನನಗೆ ಸಮಾಧಾನ ತಂದಿಲ್ಲ. ಕಂಪನಿಯ ಹಣ ಹೆಚ್ಚಿ ಸರ್ಕಾರದ ಹಣ ಬೇಡವಾದ ಒಕ್ಕೂಟದ ಪ್ರಾಯೋಜಕತ್ವ ಒಪ್ಪಂದವನ್ನು ನೋಡಲು ಕೇಳುವ ಹಕ್ಕು ಯಾರಿಗೂ ಉಳಿಯುವುದಿಲ್ಲ. ಪ್ರಶ್ನೆ ಕೇಳಬೇಕಾದದ್ದು ಅಂಥ ಕಡೆಯಲ್ಲೇ ಹೆಚ್ಚು.

ಹರ್ಡಲ್ಸ್ ಓಡಿದವಳು

ಹಾಗಾದರೆ ನಾವು ನಮ್ಮ ಮಟ್ಟದಲ್ಲಿ ಒಂದು ಮನವಿ ಬರೆಯೋಣ. ಕಿಟ್ ಒಪ್ಪಂದದ ಅವಧಿ ಒಂದು ಒಲಿಂಪಿಕ್ ಚಕ್ರವನ್ನು, ಅಂದರೆ ನಾಲ್ಕು ವರ್ಷಗಳನ್ನು, ಮೀರಬಾರದು. ಸಹಿಗೆ ಮೊದಲು ಕ್ರೀಡಾಪಟುಗಳ ಸಮಿತಿ ಅದನ್ನು ಓದಿ ಅಭಿಪ್ರಾಯವನ್ನು ಲಿಖಿತವಾಗಿ ಕೊಡಬೇಕು. ಗರ್ಭಿಣಿಯಾದ ಅಥವಾ ಗಾಯಗೊಂಡ ಓಟಗಾರ್ತಿಯ ವಿಮೆ ಮುಂದುವರಿಯಬೇಕು. 'ಅಧಿಕೃತ ಸಂದರ್ಭ' ಎಂದರೆ ಏನೆಂಬುದನ್ನು ಸ್ಪಷ್ಟವಾಗಿ ಬರೆದಿರಬೇಕು. ಭಾನುವಾರದೊಳಗೆ ಕರಡು ಸಿದ್ಧಪಡಿಸಿ ಇಲ್ಲಿಯೇ ಹಾಕುತ್ತೇನೆ.

ಪಿ.ಟಿ. ಮೇಷ್ಟ್ರು, ಶಿವಮೊಗ್ಗ

ಇನ್ನೊಂದು ಸಾಲು ಸೇರಿಸಿ ಮೇಡಂ. ಕೆಲವು ವರ್ಷಗಳ ಹಿಂದೆ ಒಂದು ಕೂಟದಲ್ಲಿ ಶೂಗಳನ್ನು ಪ್ರಾಯೋಜಕರೇ ಕೊಟ್ಟಿದ್ದರು, ಎಲ್ಲರೂ ಅದನ್ನೇ ಹಾಕಿಕೊಂಡು ಓಡಬೇಕೆಂದು ಸಂಘಟಕರು ಹಟ ಹಿಡಿದರು. ನನ್ನ ಶಾಲೆಯ ಹುಡುಗಿಯೊಬ್ಬಳು ಅಳತೆ ಸರಿಹೊಂದದ ಶೂನಲ್ಲಿ ಓಡಿ, ಹಿಮ್ಮಡಿಯಲ್ಲಿ ರಕ್ತ ಬಂದು, ಫೈನಲ್ ಓಡಲಾಗದೆ ಕುಳಿತಳು. ಅಮೆರಿಕದ ಅದೇ ಒಪ್ಪಂದದಲ್ಲೂ ಶೂ ಮಾತ್ರ ಓಟಗಾರರ ಆಯ್ಕೆಗೆ ಬಿಟ್ಟದ್ದು. ಟೋಕಿಯೊದಲ್ಲಿ ಅಲಿಸನ್ ಫೆಲಿಕ್ಸ್ ನೈಕಿ ಜೆರ್ಸಿ ತೊಟ್ಟು, ತಮ್ಮದೇ ಕಂಪನಿಯ ಸ್ಪೈಕ್ ಹಾಕಿಕೊಂಡು ಓಡಿ 400 ಮೀಟರ್‌ನಲ್ಲಿ ಕಂಚು ಗೆದ್ದರು. ಅಂಗಿ ಯಾರದೇ ಆಗಿರಲಿ, ಶೂ ಓಡುವವರ ಇಷ್ಟಕ್ಕೆ ಬಿಟ್ಟದ್ದು ಎಂದು ಕರಡಿನ ಮೊದಲ ಸಾಲಿನಲ್ಲೇ ಬರೆಯಿರಿ.